ಮದ್ದಿನಲ್ಲಿ ಸಗಣಿ, ಚರಿತ್ರೆಯಲ್ಲಿ ಸುಳ್ಳು

ಬೈಲಹೊಂಗಲದ ಪೇಟೆಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಒಂದು ಚಿತ್ರ ಹರಿದಾಡಿತು. "ಕಿತ್ತೂರ ರಾಣಿ ಚೆನ್ನಮ್ಮನವರ ಅಸಲಿ ಫೋಟೋ" ಎಂದು ಕೆಳಗೆ ಬರೆದಿತ್ತು. ಮಾಸಿದ ಬಣ್ಣ, ಹರಿದ ಅಂಚು. ಕಂಡವರು ಕೈಮುಗಿಯಬೇಕು, ಹಾಗಿತ್ತು. ರಾಣಿ ಇದೇ ಊರ ಕೋಟೆಯಲ್ಲಿ ಸೆರೆಯಲ್ಲಿದ್ದು ತೀರಿಕೊಂಡದ್ದು 1829ರಲ್ಲಿ. ಫ್ರಾನ್ಸಿನ ದಾಗೇರನ ಫೋಟೋ ವಿದ್ಯೆ ಜಗತ್ತಿಗೆ ತಿಳಿದದ್ದು 1839ರಲ್ಲಿ. ಸಮಾಧಿಯಿಂದ ಎದ್ದು ಬಂದು ಫೋಟೋ ತೆಗೆಸಿಕೊಂಡರೇ?

ಕೃತಕ ಬುದ್ಧಿಯ ಯಂತ್ರಕ್ಕೆ ನಾಲ್ಕು ಮಾತು ಹೇಳಿದರೆ ಇಂಥ ಚಿತ್ರ ಕ್ಷಣದಲ್ಲಿ ತಯಾರು. ಕಲ್ಪನೆ ಬೇಡವೆಂದು ನಾವು ಹೇಳುವುದಿಲ್ಲ. ಗೀಗೀ ಮೇಳದವರು ಬಣ್ಣ ಕಟ್ಟಿಯೇ ಹಾಡಿದರು, ಆದರೆ ಹಾಡೆಂದು ಹೇಳಿ ಹಾಡಿದರು. 1961ರ ಸಿನೆಮಾದಲ್ಲಿ ಬಿ. ಸರೋಜಾದೇವಿ ರಾಣಿಯಾದರು, ಅದು ಆಟವೆಂದು ಟಿಕೇಟು ಕೊಂಡ ಪ್ರತಿಯೊಬ್ಬನಿಗೂ ಗೊತ್ತಿತ್ತು. ಈ ಚಿತ್ರ ಮಾತ್ರ ಸಾಕ್ಷಿಯ ವೇಷ ಹಾಕಿ ಬರುತ್ತದೆ.

ಕಿತ್ತೂರಿನ ಮದ್ದಿನಲ್ಲಿ ಸಗಣಿ ಬೆರೆಸಿದ ದ್ರೋಹದ ಕಥೆ ನಮ್ಮ ಭಾಗದ ಮಕ್ಕಳಿಗೂ ಗೊತ್ತು. ಬೆರೆಸಿದವರು ಕೋಟೆಯೊಳಗಿನವರೇ. ಇಂದು ಸುಳ್ಳು ಹಂಚುವವರೂ ರಾಣಿಗೆ ಜೈ ಎಂದೇ ಹಂಚುತ್ತಾರೆ!

ಇದರಿಂದ ಬಡವನಿಗೇನು ನಷ್ಟ ಎನ್ನುವವರು ಸಂಗೊಳ್ಳಿ ರಾಯಣ್ಣನನ್ನು ನೆನೆಯಲಿ. ಅವನು ಶೇತಸನದಿ, ಊರ ಕಾವಲಿನ ಚಾಕರಿಗಾಗಿ ಬಂದ ಹೊಲವನ್ನುಂಡು ಬದುಕಿದವನು. ಕಂಪನಿ ಸರಕಾರ ಅಂಥವರ ಹೊಲ ಕಸಿಯಿತು, ಉಳಿದದ್ದರ ಮೇಲೆ ಕಂದಾಯ ಹೇರಿತು. ಅವನ ದಂಡು ಸರಕಾರಿ ಕಚೇರಿಗಳಿಗೆ, ಅಲ್ಲಿಯ ದಫ್ತರಗಳಿಗೆ ಬೆಂಕಿಯಿಟ್ಟಿತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಯಂತ್ರ ಬಿಡಿಸುವ ರಾಯಣ್ಣನಿಗೆ ಮೀಸೆಯುಂಟು, ಉಬ್ಬಿದ ತೋಳುಂಟು, ಹೊಲವಿಲ್ಲ, ಕಂದಾಯವಿಲ್ಲ. ಒಕ್ಕಲು ಮಕ್ಕಳ ಜಗಳವನ್ನು ಚಿತ್ರದಿಂದ ಒರೆಸಿ ಹಾಕಿದ ಮೇಲೆ ಉಳಿದದ್ದು ಗರಡಿಯ ಪೈಲವಾನ.

ನಾಳೆ ಇದೇ ಯಂತ್ರದಲ್ಲಿ ಹಳೆಯ ಸನದು, ಇನಾಮು ಪತ್ರ ಹುಟ್ಟಿದರೆ ಸವದತ್ತಿಯ ಎರೆಹೊಲ ಯಾರ ಪಾಲಾದೀತು? ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸುಳ್ಳು ಹೆಚ್ಚಿದಷ್ಟೂ ನಿಜವನ್ನು ಅಲ್ಲಗಳೆಯುವುದು ಸುಲಭ. 1939ರಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ದಂಗೆಯೆದ್ದದ್ದಕ್ಕೆ ಕಾಗದ ತೋರಿಸಿದರೆ, ಇದೂ ಯಂತ್ರದ್ದೇ ಎಂದು ಉಳ್ಳವರು ಜಾರಿಕೊಂಡಾರು.

ಧಾರವಾಡದ ಕಲೆಕ್ಟರ ಥ್ಯಾಕರೆ 1824ರ ಅಕ್ಟೋಬರ 23ರಂದು ಕಿತ್ತೂರಿನಲ್ಲಿ ಸತ್ತದ್ದು ಕಂಪನಿಯ ಕಾಗದಗಳಲ್ಲೇ ಇದೆ. ಆ ಕಾಗದಗಳ ನಕಲು, ಕನ್ನಡ ಅನುವಾದ ಸಹಿತ, ಕಿತ್ತೂರ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಓದುವಷ್ಟು ದೊಡ್ಡ ಅಕ್ಷರದಲ್ಲಿ ಎಲ್ಲರ ಕಣ್ಣಿಗೆ ಬೀಳಲಿ. ಉತ್ಸವಕ್ಕೆ ಪೆಂಡಾಲು ಹಾಕುವ ಸರಕಾರಕ್ಕೆ ಇದೇನು ಭಾರವೇ? ಯಂತ್ರದ ಚಿತ್ರ ತೂಗುಹಾಕುವವರು ಅದರ ಕೆಳಗೆ, ಯಾರು ಯಾವಾಗ ಮಾಡಿಸಿದರೆಂದು ಬರೆಯಲಿ. ಬರೆಯದಿದ್ದರೆ ಅಲ್ಲಿಯೇ ನಿಂತು ಕೇಳಿರಿ. ನಾವೂ ಬರುತ್ತೇವೆ.