ಸಮಾಧಿಗೆ ಹೂವು ಸರಿ, ರೀಲುಗಳ ಗತಿಯೇನು?

ಯಶವಂತಪುರದಿಂದ ನಂದಿನಿ ಬಡಾವಣೆಯ ಕಡೆಗೆ ಹೊರಟರೆ ಕನ್ನಡ ಸಿನಿಮಾದ ನೆನಪುಗಳು ಒಂದೇ ಸುತ್ತಿನಲ್ಲಿ ಸಿಗುತ್ತವೆ. ಕಂಠೀರವ ಸ್ಟುಡಿಯೊ ಆವರಣದಲ್ಲಿ ಡಾ. ರಾಜ್‌ಕುಮಾರ್, ಅಂಬರೀಷ್, ಪುನೀತ್ ರಾಜ್‌ಕುಮಾರ್ ಅವರ ಸಮಾಧಿಗಳಿವೆ. ಅದೇ ಬಡಾವಣೆಯ ಅಮೃತ ಮಹೋತ್ಸವ ಭವನದಲ್ಲಿ ಕರ್ನಾಟಕ ಚಲನಚಿತ್ರ ಅಕಾಡೆಮಿ ಇದೆ. ಹುಟ್ಟುಹಬ್ಬ, ಪುಣ್ಯಸ್ಮರಣೆಯ ದಿನ ಸಮಾಧಿಗಳ ಮುಂದೆ ಅಭಿಮಾನಿಗಳ ಉದ್ದನೆಯ ಸಾಲು. ಈ ಅಭಿಮಾನ ದೊಡ್ಡದು. ಆದರೆ ನಮ್ಮ ಮೆಚ್ಚಿನ ನಟರ ಚಿತ್ರಗಳ ಮೂಲ ನೆಗೆಟಿವ್‌ಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಆ ಸಾಲಿನಲ್ಲಿ ನಿಂತ ನಾವು ಎಂದಾದರೂ ಕೇಳಿದ್ದೇವೆಯೇ?

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಕಣ್ಣೆದುರೇ ಇದೆ. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ನಿರ್ದೇಶಕ ವೈ.ವಿ. ರಾವ್, ನಾಯಕ ಸುಬ್ಬಯ್ಯ ನಾಯ್ಡು, ಚಿತ್ರೀಕರಣ ಕೊಲ್ಲಾಪುರದಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದೆಲ್ಲ ಬಾಯಿಪಾಠ. ಚಿತ್ರವನ್ನೇ ನೋಡೋಣವೆಂದರೆ ಒಂದು ಪ್ರತಿಯೂ ಉಳಿದಿಲ್ಲ.

ಹಳೆಯ ರೀಲು ತಾನಾಗಿಯೇ ಹಾಳಾಗುತ್ತದೆ. ಆರಂಭದ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿತ್ತು. ಆಮೇಲೆ ಬಂದ ಅಸಿಟೇಟ್ ಫಿಲ್ಮ್ ಶೆಖೆ, ತೇವಕ್ಕೆ ಸಿಕ್ಕಿ ವಿನೆಗರ್ ವಾಸನೆ ಹೊಡೆದು ಮುದುಡಿಕೊಳ್ಳುತ್ತದೆ. ಫಿಲ್ಮ್‌ನಲ್ಲಿರುವ ಬೆಳ್ಳಿಯ ಆಸೆಗೆ ಕರಗಿಸಿದ ರೀಲುಗಳೂ ಉಂಟು.

‘ಎಲ್ಲವೂ ಯೂಟ್ಯೂಬ್‌ನಲ್ಲಿ ಸಿಗುತ್ತದಲ್ಲ’ ಎನ್ನಬಹುದು. ಅಲ್ಲಿ ಸಿಗುವ ಎಷ್ಟೋ ಹಳೆಯ ಚಿತ್ರಗಳು ಮಸುಕು ಮಸುಕಾದ, ಅಲ್ಲಲ್ಲಿ ಕತ್ತರಿ ಬಿದ್ದ ಪ್ರತಿಗಳು. ಗಿರೀಶ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ 2024ರಲ್ಲಿ ಹೊಸ ಹೊಳಪಿನೊಂದಿಗೆ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಮೂಲ ನೆಗೆಟಿವ್ ಅನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಾಪಾಡಿತ್ತು, ಆದ್ದರಿಂದಲೇ ಅದು ಸಾಧ್ಯವಾಯಿತು. 1964ರಲ್ಲಿ ಆರಂಭವಾದ ಆ ಸಂಸ್ಥೆಯನ್ನು ಪಿ.ಕೆ. ನಾಯರ್ ಊರೂರು ಅಲೆದು, ರೀಲು ಹುಡುಕಿ ತಂದು ಕಟ್ಟಿದರು. ಮುಂಬೈನಲ್ಲಿ 2019ರಿಂದ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಇದೆ.

ವರ್ಷಕ್ಕೆ ನೂರಾರು ಚಿತ್ರ ತಯಾರಿಸುವ ಕನ್ನಡಕ್ಕೂ ಅಂಥ ನೆಲೆ ಬೇಕು. ಅದಕ್ಕೆ ನಂದಿನಿ ಬಡಾವಣೆಗಿಂತ ಸೂಕ್ತ ಜಾಗ ಯಾವುದು? ಸಮಾಧಿಗೆ ಕೈಮುಗಿದು ಬಂದವರು ಹಳೆಯ ಕ್ಯಾಮೆರಾ, ಪೋಸ್ಟರ್, ಹಾಡಿನ ಪುಸ್ತಕಗಳನ್ನು ನೋಡುವಂತಿರಬೇಕು. ರೀಲುಗಳಿಗೆ ತಂಪಾದ, ತೇವವಿಲ್ಲದ ಕೋಣೆ ಬೇಕು. ಕಾಲೇಜಿನ ಗುರುತಿನ ಚೀಟಿ ತೋರಿಸಿದ ವಿದ್ಯಾರ್ಥಿಗೆ ಕೂತು ಚಿತ್ರ ನೋಡಲು ಒಂದು ಮೇಜು ಸಿಗಬೇಕು.

ಇದು ಬರೀ ಭಾವನೆಯ ಮಾತಲ್ಲ, ಉದ್ಯೋಗದ ಮಾತೂ ಹೌದು. ಫಿಲ್ಮ್ ಕೆಡದಂತೆ ನೋಡಿಕೊಳ್ಳಲು ರಸಾಯನಶಾಸ್ತ್ರ ಓದಿದವರು ಬೇಕು, ಪಟ್ಟಿ ಮಾಡಿಡಲು ಗ್ರಂಥಾಲಯ ವಿಜ್ಞಾನದವರು, ಚಿತ್ರವನ್ನು ಫ್ರೇಮ್ ಫ್ರೇಮ್ ಆಗಿ ತಿದ್ದಲು ಕಂಪ್ಯೂಟರ್ ಬಲ್ಲವರು, ಬಂದವರಿಗೆ ವಿವರಿಸಲು ಕನ್ನಡ, ಇತಿಹಾಸ ಓದಿದವರು ಬೇಕು. ಹೀಗೆ ನಮ್ಮ ಓದಿಗೆ ತಕ್ಕ ಕೆಲಸ ನಮ್ಮ ಊರಿನಲ್ಲೇ ಹುಟ್ಟಬಹುದು.

ಸರ್ಕಾರ, ಚಿತ್ರೋದ್ಯಮ ಮುಂದಾಗಲಿ. ಅಲ್ಲಿಯವರೆಗೆ ನಾವೂ ಸುಮ್ಮನೆ ಕೂರಬೇಕಿಲ್ಲ. ಮನೆಯ ಅಟ್ಟದಲ್ಲಿರುವ ಹಳೆಯ ಹಾಡಿನ ಪುಸ್ತಕ, ಪೋಸ್ಟರ್‌ಗಳನ್ನು ಗುಜರಿಗೆ ಹಾಕದೆ ಎತ್ತಿಡೋಣ. ಮುಂದಿನ ಬಾರಿ ಹೂವು ಹಿಡಿದು ಸಾಲಿನಲ್ಲಿ ನಿಂತಾಗ ಆ ರೀಲುಗಳ ಗತಿಯೇನು ಎಂದು ಗಟ್ಟಿಯಾಗಿ ಕೇಳೋಣ.