ಸುಣ್ಣದ ಹೊಲಕ್ಕೆ ತೋಟದ ಗೊಬ್ಬರ ಸಲ್ಲದು

ನಮ್ಮ ಸಂಘದ ಸದಸ್ಯರಲ್ಲಿ ಹಲವರಿಗೆ ಮಲೆನಾಡಿನಲ್ಲಿ ಕಾಫಿ, ಅಡಿಕೆ ತೋಟಗಳಿರುವಂತೆ ಚನ್ನಗಿರಿ, ದಾವಣಗೆರೆ ಕಡೆ ಬಯಲು ಜಮೀನೂ ಇದೆ. ಅಲ್ಲಿ ಮುಂಗಾರಿಗೆ ಮುಸುಕಿನ ಜೋಳ, ಆ ಕಡೆಯವರ ಮಾತಿನಲ್ಲಿ ಮೆಕ್ಕೆಜೋಳ, ಬಿತ್ತುವುದು ವಾಡಿಕೆ. ಮಳೆಗಾಲಕ್ಕೆ ಮುಂಚೆ ತೋಟಕ್ಕೂ ಹೊಲಕ್ಕೂ ಒಂದೇ ಪಟ್ಟಿಯಲ್ಲಿ ಗೊಬ್ಬರ ಬರೆಸಿ, ಒಂದೇ ಲಾರಿಯಲ್ಲಿ ಸಾಗಿಸುವ ರೂಢಿ ಬೆಳೆದಿದೆ. ಸಾಗಾಣಿಕೆಗೆ ಇದು ಅನುಕೂಲವೇ. ಆದರೆ ರಂಜಕದ ಮಟ್ಟಿಗೆ ಇದು ಹಣವನ್ನು ಮಣ್ಣುಪಾಲು ಮಾಡುವ ದಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾರಣ ಮಣ್ಣಿನಲ್ಲಿದೆ. ತೋಟದ ಮಣ್ಣು ಹುಳಿ. ರಾಕ್ ಫಾಸ್ಫೇಟ್ ಆ ಹುಳಿಯಲ್ಲಿ ಮೆಲ್ಲಗೆ ಕರಗಿ ಬೇರಿಗೆ ಒದಗುತ್ತದೆ. ಬಯಲಿನ ಎರೆಭೂಮಿಯಲ್ಲಿ ಬಹಳ ಕಡೆ ಸುಣ್ಣದ ಹರಳುಗಳಿದ್ದು, ರಸಸಾರ 7.5ರಿಂದ 8.5ರವರೆಗೆ ಇರುತ್ತದೆ. ಅಲ್ಲಿ ರಾಕ್ ಫಾಸ್ಫೇಟ್ ಕರಗುವುದೇ ಇಲ್ಲವೆನ್ನಬಹುದು. ನೀರಿನಲ್ಲಿ ಕರಗುವ ಡಿ.ಎ.ಪಿ., ಸೂಪರ್ ಫಾಸ್ಫೇಟ್‌ಗಳ ರಂಜಕವೂ ಸುಣ್ಣದೊಡನೆ ಕೂಡಿ ಕ್ರಮೇಣ ಗಟ್ಟಿಯಾಗುತ್ತದೆ. 50 ಕಿಲೋ ಡಿ.ಎ.ಪಿ. ಚೀಲದಲ್ಲಿ 23 ಕಿಲೋ ರಂಜಕಾಂಶವಿದೆ. ಮೊದಲ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಅದರ ಐದರಲ್ಲೊಂದು ಪಾಲು, ಇಲ್ಲವೇ ಇನ್ನೂ ಕಡಿಮೆ.

ಹಾಗಾದರೆ ಇನ್ನೊಂದು ಚೀಲ ಎರಚೋಣ ಎನ್ನುವವರಿದ್ದಾರೆ. ಸುಣ್ಣದ ಮಣ್ಣಿನಲ್ಲಿ ಸತುವು ಮೊದಲೇ ದುರ್ಲಭ. ರಂಜಕ ಮಿತಿಮೀರಿದರೆ ಆ ಕೊರತೆ ಇನ್ನೂ ಹೆಚ್ಚಿ, ಜೋಳದ ಎಳೆಗರಿಗಳಲ್ಲಿ ಬಿಳಿ ಪಟ್ಟೆ ಮೂಡುತ್ತದೆ. ಹಣವೂ ಹೋಯಿತು, ಬೆಳೆಯೂ ಸೊರಗಿತು ಎಂಬಂತಾಗುತ್ತದೆ.

ಬೇಕಾದದ್ದು ಹೆಚ್ಚು ಗೊಬ್ಬರವಲ್ಲ, ಸರಿಯಾದ ಜಾಗ. ರಂಜಕವು ಬಿದ್ದಲ್ಲಿಂದ ಕೆಲವೇ ಮಿಲಿಮೀಟರ್ ಸರಿಯುತ್ತದೆ. ಬೇರೇ ಅದನ್ನು ಹುಡುಕಿಕೊಂಡು ಬರಬೇಕು. ಎರಚುವ ಬದಲು ಬೀಜದ ಸಾಲಿನಿಂದ 5 ಸೆಂಟಿಮೀಟರ್ ಪಕ್ಕಕ್ಕೆ, ಬೀಜಕ್ಕಿಂತ 5 ಸೆಂಟಿಮೀಟರ್ ಆಳಕ್ಕೆ ಪಟ್ಟಿಯಾಗಿ ಹಾಕಿದರೆ ಸುಣ್ಣದ ಸಂಪರ್ಕ ಕಡಿಮೆ, ಬೇರಿಗೆ ಹತ್ತಿರ. ಡಿ.ಎ.ಪಿ. ಬೀಜಕ್ಕೆ ತಾಗಬಾರದು, ಅಲ್ಲಿ ಹೊರಡುವ ಅಮೋನಿಯ ಮೊಳಕೆಯನ್ನು ಸುಡುತ್ತದೆ. ಆದರೆ ಬೇರು ಅಮೋನಿಯಂ ರೂಪದ ಸಾರಜನಕವನ್ನು ಹೀರುವಾಗ ತನ್ನ ಸುತ್ತ ಹುಳಿ ಬಿಡುವುದರಿಂದ ರಂಜಕ ಸುಲಭವಾಗಿ ಸಿಗುತ್ತದೆ. ಉತ್ತರ ಚೀನಾದ ಸುಣ್ಣದ ಮಣ್ಣಿನಲ್ಲಿ ಮುಸುಕಿನ ಜೋಳಕ್ಕೆ ಎರಡನ್ನೂ ಒಟ್ಟಿಗೆ ಪಟ್ಟಿಯಾಗಿ ಕೊಟ್ಟು, ಬೇರು ಹೆಚ್ಚಿದ್ದನ್ನು ಅಲ್ಲಿನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ್ದಾರೆ. ಸೂಪರ್ ಫಾಸ್ಫೇಟ್ ಹಾಕುವವರು ಅಮೋನಿಯಂ ಸಲ್ಫೇಟ್ ಜೊತೆಗೂಡಿಸಬಹುದು. ಕಳಿತ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿದರೆ ಇನ್ನೂ ಲೇಸು. ರಂಜಕವನ್ನೆಲ್ಲ ಬಿತ್ತನೆಯಲ್ಲೇ ಕೊಡಬೇಕು. ಗರಿಯ ಅಂಚು ನೇರಳೆಯಾದ ಮೇಲೆ ಮೇಲೆರಚಿದರೆ ಫಲವಿಲ್ಲ.

ಸಂಘವು ಮಾಡಬೇಕಾದದ್ದೂ ಇದೆ. ತೋಟಕ್ಕೂ ಹೊಲಕ್ಕೂ ಬೇಡಿಕೆ ಪಟ್ಟಿ ಬೇರೆ ಬೇರೆ ಇರಬೇಕು. ಹೊಲದ ಮಣ್ಣು ಪರೀಕ್ಷೆಗೆ ಹೋಗುವಾಗ ಓಲ್ಸನ್ ವಿಧಾನದಿಂದಲೇ ನೋಡಬೇಕೆಂದು ಬರೆದು ಕಳುಹಿಸಬೇಕು. ಹುಳಿ ಮಣ್ಣಿಗೆ ಹೊಂದುವ ಬ್ರೇ ವಿಧಾನ ಅಲ್ಲಿಗೆ ಸಲ್ಲದು. ಬೀಜ, ಗೊಬ್ಬರ ಎರಡನ್ನೂ ಪ್ರತ್ಯೇಕ ಆಳದಲ್ಲಿ ಬಿಡುವ ಕೂರಿಗೆಯೊಂದನ್ನು ಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಡಬೇಕು.

ಚೀಲಗಳ ಮಾರಾಟ ಇಳಿದರೆ ಸಂಘದ ವರಮಾನಕ್ಕೆ ಧಕ್ಕೆಯಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮ ಉತ್ತರ ಇಷ್ಟೇ: ಹೆಚ್ಚು ಚೀಲ ಮಾರುವುದಕ್ಕೆ ಅಂಗಡಿ ಸಾಕು, ಸಹಕಾರ ಸಂಘ ಬೇಕಿಲ್ಲ. ದೇಶಕ್ಕೆ ಬೇಕಾದ ರಂಜಕದ ಬಹುಪಾಲು ಹೊರದೇಶದಿಂದ ಬರುತ್ತಿರುವಾಗ, ಅದನ್ನು ಸುಣ್ಣದಲ್ಲಿ ಹೂಳುವುದು ಯಾರಿಗೂ ಲಾಭವಲ್ಲ. ಮುಂದಿನ ಸಭೆಗೆ ಬರುವಾಗ ಸದಸ್ಯರು ತಮ್ಮ ಹೊಲದ ಮಣ್ಣಿನ ಮಾದರಿಯನ್ನೂ ತರಬೇಕೆಂದು ನಾವು ವಿನಂತಿಸುತ್ತೇವೆ.