ನೂರು ಮೀಟರಿನಲ್ಲಿ ಸೋತವಳು ಖೋ ಖೋದಲ್ಲಿ ಗೆಲ್ಲಬಹುದೆ?

ಧುಪದಾಳದ ಒಡ್ಡಿನ ಹಿಂದೆ ಘಟಪ್ರಭೆ ನಿಂತ ನೀರಿನಂತೆ ಕಾಣುತ್ತದೆ. ಅದೇ ನೀರು ಮುಂದೆ ಗೋಕಾಕ ಜಲಪಾತದಲ್ಲಿ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ತಳ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 32 ಮೀಟರ್. ಆದರೆ ಬಂಡೆಯ ಅಂಚು ಬಿಡುವ ಕ್ಷಣದಲ್ಲಿ ಅದರ ಕೆಳಮುಖ ವೇಗ ಹೆಚ್ಚುಕಡಿಮೆ ಸೊನ್ನೆ. ಸೊನ್ನೆಯಿಂದ ವೇಗ ಏರುವ ಈ ಕ್ರಿಯೆಯೇ ವೇಗೋತ್ಕರ್ಷ. ವೇಗ ಬೇರೆ, ವೇಗೋತ್ಕರ್ಷ ಬೇರೆ. ಆಟದ ಮೈದಾನದಲ್ಲಿ ಈ ವ್ಯತ್ಯಾಸ ಮರೆತರೆ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಒಂದು ಶಾಲೆಯಲ್ಲಿ ಖೋ ಖೋ ತಂಡದ ಆಯ್ಕೆ ನಡೆದಿದೆ ಎಂದುಕೊಳ್ಳಿ. ಎಲ್ಲರನ್ನೂ 100 ಮೀಟರ್ ಓಡಿಸಲಾಗುತ್ತದೆ. ಕೊನೆಗೆ ಬಂದ ಹುಡುಗಿಗೆ 'ನಿನ್ನ ಕಾಲಲ್ಲಿ ಓಟವಿಲ್ಲ' ಎನ್ನಲಾಗುತ್ತದೆ. ತಂದೆತಾಯಿಯೂ ಅದನ್ನೇ ನಂಬುತ್ತಾರೆ. ಆದರೆ ಖೋ ಖೋ ಅಂಗಳದಲ್ಲಿ ಎರಡು ಕಂಬಗಳ ನಡುವಿನ ಅಂತರ ಸುಮಾರು 24 ಮೀಟರ್ ಮಾತ್ರ. 100 ಮೀಟರ್ ನೇರ ಓಡುವ ಪ್ರಸಂಗ ಅಲ್ಲಿ ಬರುವುದೇ ಇಲ್ಲ!

2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದರು. ಮೊದಲ 10 ಮೀಟರಿಗೆ ಅವರಿಗೆ ಹಿಡಿದ ಕಾಲ 1.89 ಸೆಕೆಂಡು. 60ರಿಂದ 70 ಮೀಟರ್ ನಡುವಿನ 10 ಮೀಟರಿಗೆ ಕೇವಲ 0.81 ಸೆಕೆಂಡು. ಜಗತ್ತಿನ ಅತಿ ವೇಗದ ಓಟಗಾರನಿಗೂ ಪೂರ್ಣ ವೇಗ ಬರುವುದು ಅರ್ಧ ದಾರಿ ಸವೆದ ಮೇಲೆ. ಖೋ ಸಿಕ್ಕ ಆಟಗಾರ್ತಿಯಾದರೋ ಕುಳಿತಲ್ಲಿಂದ ಎದ್ದು ನಾಲ್ಕೈದು ಹೆಜ್ಜೆಗಳಲ್ಲೇ ಎದುರಾಳಿಯನ್ನು ಮುಟ್ಟಬೇಕು. ತಪ್ಪಿಸಿಕೊಳ್ಳುವವಳು ಓಡುತ್ತಲೇ ತಟ್ಟನೆ ನಿಂತು ತಿರುಗಬೇಕು. ಕಬಡ್ಡಿಯಲ್ಲೂ ಹೀಗೆಯೇ.

ಹಾಗಾದರೆ ಅಳೆಯುವುದು ಹೇಗೆ? 10 ಮೀಟರ್ ಮತ್ತು 30 ಮೀಟರ್ ಓಟಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು. ಐದು ಮೀಟರ್ ಓಡಿ, ಗೆರೆ ಮುಟ್ಟಿ, ತಿರುಗಿ ಬರುವ ಪರೀಕ್ಷೆಯನ್ನೂ ಸೇರಿಸಬೇಕು. ಸೀಟಿ ಊದುವ ಬದಲು ಕರವಸ್ತ್ರ ಕೆಳಗಿಳಿಸುವುದು ಲೇಸು. ಶಬ್ದಕ್ಕೆ 30 ಮೀಟರ್ ದಾಟಲು ಸುಮಾರು 0.09 ಸೆಕೆಂಡು ಬೇಕು, ಬೆಳಕಿಗೆ ಬೇಡ. ಗಡಿಯಾರ ಒತ್ತುವ ಬೆರಳಿಗೂ ಸುಮಾರು 0.2 ಸೆಕೆಂಡು ತಡವಾಗುತ್ತದೆ. 10 ಮೀಟರಿನಲ್ಲಿ ಇಬ್ಬರು ಮಕ್ಕಳ ನಡುವಿನ ಅಂತರ ಇದಕ್ಕಿಂತ ಕಡಿಮೆ ಇರಬಹುದು. ಆದ್ದರಿಂದ ಒಬ್ಬರೇ, ಒಂದೇ ಗಡಿಯಾರದಿಂದ, ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಸೆಕೆಂಡಿಗೆ 240 ಚಿತ್ರ ತೆಗೆಯುವ ಮೊಬೈಲ್ ಫೋನ್ ಇದ್ದರೆ ಇನ್ನೂ ನಿಖರ.

ಅಭ್ಯಾಸಕ್ಕೂ ವಿಜ್ಞಾನವಿದೆ. ಓಟಗಾರ ನೆಲವನ್ನು ಹಿಂದಕ್ಕೆ ಒತ್ತುತ್ತಾನೆ, ನೆಲ ಅವನನ್ನು ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಹಾಗಾಗಿ ಮೊದಲ ಹೆಜ್ಜೆಗಳಲ್ಲಿ ಮೈ ಮುಂದಕ್ಕೆ ಬಾಗಿರಬೇಕು, ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ಬಲವಿರಬೇಕು. ಕುಕ್ಕರಗಾಲಿನಿಂದ ಏಳುವುದು, ಜಿಗಿತ, ಏರುದಿಬ್ಬದ ಕಿರು ಓಟ ಇದಕ್ಕೆ ಸಾಕು. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ ಬೇಕು. ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ತುರ್ತು ಇಂಧನ ಕೆಲವೇ ಸೆಕೆಂಡುಗಳಲ್ಲಿ ಬಹುಪಾಲು ಖರ್ಚಾಗಿ, ಮತ್ತೆ ತುಂಬಲು ನಿಮಿಷಗಳನ್ನು ತೆಗೆದುಕೊಳ್ಳುತ್ತದೆ. ಉಸಿರು ಕಟ್ಟುವಂತೆ ಹತ್ತು ಸುತ್ತು ಓಡಿಸಿದರೆ ದಮ್ಮು ಹೆಚ್ಚೀತು, ಚುರುಕು ಹೆಚ್ಚದು.

ನಿಲ್ಲುವುದನ್ನೂ ಕಲಿಸಬೇಕು. ವೇಗ ಸೆಕೆಂಡಿಗೆ 5ರಿಂದ 6 ಮೀಟರಿಗೆ ಏರಿದರೆ ಚಲನಶಕ್ತಿ ಶೇಕಡಾ 44ರಷ್ಟು ಹೆಚ್ಚುತ್ತದೆ. ಮೊಣಕಾಲು ತಡೆಯಬೇಕಾದುದು ಆ ಶಕ್ತಿಯನ್ನೇ.

2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್‌ನ ಎರಡೂ ಪ್ರಶಸ್ತಿಗಳನ್ನು ಭಾರತ ಗೆದ್ದಿತು. ಆ ಮಹಿಳಾ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು, ಪುರುಷರ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು. ಹಳ್ಳಿಯ ಅಂಗಳದಿಂದ ವಿಶ್ವಕಪ್‌ಗೆ ದಾರಿ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಾಲಕರು ಒಂದು ಮಾತು ನೆನಪಿಡಬೇಕು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಒಂದೇ ತರಗತಿಯ ಮಕ್ಕಳ ಬೆಳವಣಿಗೆಯೂ ಒಂದೇ ಸಮ ಇರುವುದಿಲ್ಲ. ಮಗುವಿನ ಇಂದಿನ ಅಂಕಿಯನ್ನು ಪಕ್ಕದ ಮನೆಯ ಮಗುವಿನ ಅಂಕಿಯೊಂದಿಗೆ ಹೋಲಿಸಬಾರದು. ಮೂರು ತಿಂಗಳ ಹಿಂದಿನ ಅದೇ ಮಗುವಿನ ಅಂಕಿಯೊಂದಿಗೆ ಹೋಲಿಸಬೇಕು. ಅದಕ್ಕೆ ಬೇಕಾದುದು ಒಂದು ಟೇಪು, ಒಂದು ಗಡಿಯಾರ, ಒಂದು ನೋಟುಬುಕ್ಕು. 100 ಮೀಟರಿನಲ್ಲಿ ಕೊನೆಗೆ ಬಂದ ಹುಡುಗಿಯ 10 ಮೀಟರಿನ ಕಾಲವನ್ನು ಯಾರಾದರೂ ಒಮ್ಮೆ ಬರೆದು ನೋಡಲಿ.